ಹೊಕ್ಕುಳಿನ ಬಲಕ್ಕೊಂದು ಗೀಟು

ನನ್ನದು ಎಡಗೈ ವಾಟ. ಟ್ರಾಮಾ ಸರ್ಜರಿಯಲ್ಲಿ, ಅಂದರೆ ಅಪಘಾತ, ಇರಿತದಂಥ ಗಾಯಗಳ ಶಸ್ತ್ರಚಿಕಿತ್ಸೆಯಲ್ಲಿ, ಅದರಿಂದ ಹೆಚ್ಚೇನೂ ತೊಂದರೆಯಿಲ್ಲ, ಹೊಸ ಸ್ಕ್ರಬ್ ಸಿಸ್ಟರ್ ಕತ್ತರಿ ಕೊಡುವಾಗ ಒಂದು ಕ್ಷಣ ತಡವರಿಸುತ್ತಾರೆ ಅಷ್ಟೆ. ಆದರೆ ಹೊಟ್ಟೆ ತೆರೆಯುವಾಗ ನಾನು ನಿಲ್ಲುವುದು ರೋಗಿಯ ಎಡಮಗ್ಗುಲಿಗೆ. ಹೊಟ್ಟೆಯ ನಡುವೆ ಮೇಲಿನಿಂದ ನೇರ ಇಳಿದು ಬರುವ ಕೊಯ್ತದ ಗೀಟನ್ನು ಬಹುತೇಕ ಸರ್ಜನ್ನರು ಹೊಕ್ಕುಳಿನ ಎಡಕ್ಕೆ ಬಳಸಿ ಕೆಳಗೆ ಒಯ್ಯುತ್ತಾರೆ. ನಾನು ಬಲಕ್ಕೆ ಬಳಸುತ್ತೇನೆ. ಕಲಿಯುವ ಕಾಲದಲ್ಲಿ ಇದಕ್ಕೆ ಬೈಸಿಕೊಂಡಿದ್ದೂ ಆಯಿತು, ಚಾಳಿ ಹೋಗಲಿಲ್ಲ.

ಹಾಗಾಗಿ ಆ ರಾತ್ರಿ ಇರಿತದ ಕೇಸೊಂದು ಥಿಯೇಟರಿಗೆ ಬಂದಾಗ ಹಳೆಯ ದಾಖಲೆ ತರಿಸಿ ನೋಡುವ ಅಗತ್ಯವೇ ಬೀಳಲಿಲ್ಲ. ಬಟ್ಟೆ ಕತ್ತರಿಸಿ ತೆಗೆದು, ಹೊಟ್ಟೆಗೆ ಪೊವಿಡೋನ್ ಬಳಿಯುವಾಗ ಕಂಡಿತು. ಹಳೆಯ ಕಲೆ ಹೊಕ್ಕುಳಿನ ಬಲಕ್ಕೆ ಬಾಗಿ ಇಳಿದಿತ್ತು. ಈ ಹೊಟ್ಟೆಯನ್ನು ಮೊದಲ ಸಲ ತೆರೆದದ್ದು ನಾನೇ.

ಒಮ್ಮೆ ತೆರೆದ ಹೊಟ್ಟೆಯನ್ನು ಎರಡನೇ ಸಲ ತೆರೆಯುವುದು ನಿಧಾನದ ಕೆಲಸ. ಕರುಳು ಹಳೆಯ ಹೊಲಿಗೆಯ ಒಳಮೈಗೆ ಅಂಟಿಕೊಂಡಿರುತ್ತದೆ, ಅವಸರ ಮಾಡಿದರೆ ಚಾಕು ತಪ್ಪಿಸಿದ್ದ ಕರುಳನ್ನು ನಾವೇ ತೂತು ಮಾಡುತ್ತೇವೆ. ಹಳೆಯ ಕಲೆಗಿಂತ ಎರಡು ಬೆರಳು ಮೇಲೆ, ಯಾರೂ ಮುಟ್ಟದ ಜಾಗದಲ್ಲಿ ಒಳಗೆ ಇಳಿದು, ಅಂಟು ಬಿಡಿಸುತ್ತ ಕೆಳಗೆ ಬರಬೇಕು. ಅತ್ತ ಅರಿವಳಿಕೆಯವರು ಬಿಪಿ ಎಷ್ಟು, ಎಷ್ಟು ಎಂದು ಕೂಗಿ ಹೇಳುತ್ತಲೇ ಇರುತ್ತಾರೆ. ರಕ್ತ ಬರುತ್ತಿದ್ದದ್ದು ಕರುಳಿನ ಮಡಿಕೆಯ ಒಂದು ನಾಳದಿಂದ. ಸಿಕ್ಕಿತು, ಕಟ್ಟಿದೆವು. ಅವನು ಬದುಕಿದ.

ಬೆಳಗಿನ ಜಾವ ನೋಟ್ಸ್ ಬರೆಯಲು ಕುಳಿತವನ ಮುಂದೆ ಯಾರೋ ಹಳೆಯ ಕೇಸ್ ಶೀಟ್ ತಂದಿಟ್ಟರು. ಹದಿನಾಲ್ಕು ತಿಂಗಳ ಹಿಂದಿನದು, ನನ್ನದೇ ಅಕ್ಷರ. ಎರಡು ಪುಟ ತುಂಬ ಬರೆದಿದ್ದೆ: ಎಷ್ಟು ಯೂನಿಟ್ ರಕ್ತ, ಯಾವ ಕರುಳು, ಎಷ್ಟು ಸೆಂಟಿಮೀಟರ್, ಯಾವ ದಾರ, ಸ್ವಾಬ್ ಲೆಕ್ಕ ಸರಿ. ‘ಘಟನೆ’ ಎಂಬ ಕಡೆ ಒಂದೇ ಪದ. ಇರಿತ.

ಟ್ರಾಮಾ ಕಲಿತವರಿಗೆಲ್ಲ ಎಬಿಸಿಡಿಇ ಬಾಯಿಪಾಠ: ಶ್ವಾಸಮಾರ್ಗ, ಉಸಿರಾಟ, ರಕ್ತಪರಿಚಲನೆ, ನರಮಂಡಲ, ಕೊನೆಗೆ ಬಟ್ಟೆ ಬಿಚ್ಚಿ ಇಡೀ ಮೈ ನೋಡುವುದು. ಈ ಕ್ರಮ ಹುಟ್ಟಿದ್ದೇ ಒಂದು ಅಪಘಾತದಿಂದ. 1976ರಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆ ಸರ್ಜನ್ ಓಡಿಸುತ್ತಿದ್ದ ಸಣ್ಣ ವಿಮಾನ ಅಮೆರಿಕದ ನೆಬ್ರಾಸ್ಕದ ಹೊಲವೊಂದರಲ್ಲಿ ಬಿತ್ತು. ಹೆಂಡತಿ ಅಲ್ಲೇ ತೀರಿಕೊಂಡರು. ಗಾಯಗೊಂಡ ಮಕ್ಕಳಿಗೆ ಅಲ್ಲಿ ಸಿಕ್ಕ ಚಿಕಿತ್ಸೆ ಕಂಡು ರೊಚ್ಚಿಗೆದ್ದು ಅವರು ಶುರುಮಾಡಿದ ಪಾಠಕ್ರಮವೇ ಗಾಯಾಳುಗಳ ತುರ್ತು ಚಿಕಿತ್ಸೆ ಕಲಿಸುವ ಇಂದಿನ ಎಟಿಎಲ್ಎಸ್. ಎಬಿಸಿಡಿಇ ಮುಗಿದ ಮೇಲೆ ‘ಆಂಪಲ್’ ಎಂಬ ಇನ್ನೊಂದು ನೆನಪಿನ ಸೂತ್ರವಿದೆ: ಅಲರ್ಜಿ, ಔಷಧಿ, ಹಿಂದಿನ ಕಾಯಿಲೆ, ಕೊನೆಯ ಊಟ, ಕಡೆಯ ‘ಇ’ ಅಂದರೆ ಈವೆಂಟ್ಸ್, ಏನಾಯಿತು ಎಂಬುದು. ಆ ಕಡೆಯ ಅಕ್ಷರವನ್ನು ನಾವೆಲ್ಲ ಒಂದು ಪದದಲ್ಲಿ ಮುಗಿಸುತ್ತೇವೆ. ನಾನಂತೂ ಅವತ್ತಿನವರೆಗೂ ಹಾಗೆಯೇ ಮುಗಿಸಿದ್ದೆ.

ಮುಂದಿನ ವಾರ ಹಳೆಯ ರಿಜಿಸ್ಟರುಗಳನ್ನು ಎಳೆದು ಕೂತೆ. ಸಂಶೋಧನೆ ಎಂಬ ದೊಡ್ಡ ಹೆಸರೇನೂ ಇರಲಿಲ್ಲ, ಕುತೂಹಲ, ಜೊತೆಗೊಂದಿಷ್ಟು ಮುಜುಗರ. ನೋಡುತ್ತ ಹೋದಂತೆ ತಲೆ ಕೆಟ್ಟಿತು. ಒಂದೇ ಬಗೆಯ ಚಾಕು ಗಾಯ, ಅದರ ಕಾರಣ ಸೂಚಿಸುವ ಸಂಕೇತವನ್ನು ಮೂರು ಜನ ಮೂರು ರೀತಿ ಕೋಡ್ ಮಾಡಿದ್ದರು. ಒಬ್ಬರು ಎಕ್ಸ್ 99, ಅಂದರೆ ಹರಿತ ವಸ್ತುವಿನಿಂದ ಹಲ್ಲೆ. ಇನ್ನೊಬ್ಬರು ಡಬ್ಲ್ಯು 26, ಆಕಸ್ಮಿಕ. ಮೂರನೆಯವರು ವೈ 28, ಉದ್ದೇಶ ತಿಳಿದಿಲ್ಲ. ರಾತ್ರಿ ಪಾಳಿಯ ಗಡಿಬಿಡಿಯಲ್ಲಿ ಯಾವುದು ಕೈಗೆ ಸಿಕ್ಕಿತೋ ಅದು. ಎಲ್ಲಿ ಆಯಿತು ಎಂಬ ಕಾಲಂ ಅರ್ಧಕ್ಕಿಂತ ಹೆಚ್ಚು ಸಾಲುಗಳಲ್ಲಿ ಖಾಲಿ, ತುಂಬಿದ ಕಡೆಯೂ ‘ರಸ್ತೆ’ ಎಂದಷ್ಟೇ ಇತ್ತು. ಯಾವ ರಸ್ತೆ?

ಆಮೇಲೆ ಓದಲು ಶುರುಮಾಡಿದೆ, ಡ್ಯೂಟಿ ರೂಮಿನ ಮಂಚದ ಮೇಲೆ, ಮೊಬೈಲಿನಲ್ಲಿ. 1989ರಲ್ಲೇ ಡೆಟ್ರಾಯಿಟ್‌ನ ಸರ್ಜನ್ನರು ಹಿಂಸೆಯಿಂದ ಗಾಯಗೊಂಡು ಬದುಕಿದವರನ್ನು ಐದು ವರ್ಷ ಹಿಂಬಾಲಿಸಿ ಬರೆದಿದ್ದರು: ನೂರಕ್ಕೆ 44 ಮಂದಿ ಮತ್ತೆ ಗಾಯಗೊಂಡು ಬಂದರು, 20 ಮಂದಿ ಸತ್ತರು. ಇದನ್ನು ಮರುಕಳಿಸುವ ದೀರ್ಘಕಾಲದ ಕಾಯಿಲೆ ಎಂದೇ ಅವರು ಕರೆದಿದ್ದರು. ಡಯಾಬಿಟಿಸ್ ಇದ್ದವನು ವಾಪಸ್ ಬಂದರೆ ಏನು ತಪ್ಪಿತು ಎಂದು ವಿಚಾರಿಸುತ್ತೇವೆ. ಇರಿತ ತಿಂದವನು ವಾಪಸ್ ಬಂದರೆ ಬುದ್ಧಿ ಬರಲಿಲ್ಲ ಎನ್ನುತ್ತೇವೆ. ನಾನೂ ಅಂದಿದ್ದೇನೆ, ಅದೇ ಡ್ಯೂಟಿ ರೂಮಿನಲ್ಲಿ ಕೂತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ವೇಲ್ಸ್‌ನ ಕಾರ್ಡಿಫ್‌ನ ಕತೆ. ಅಲ್ಲಿ ಜೋನಥನ್ ಶೆಪರ್ಡ್ ಮುಖ-ದವಡೆಯ ಸರ್ಜನ್ ಆಗಿದ್ದರು. ಒಡೆದ ದವಡೆ, ಗಾಜು ಸೀಳಿದ ಕೆನ್ನೆ ಹೊಲಿಯುತ್ತ ಹೊಲಿಯುತ್ತ ಅವರಿಗೆ ಒಂದು ವಿಷಯ ಹೊಳೆಯಿತು: ತಾವು ಹೊಲಿಯುವವರಲ್ಲಿ ಬಹಳಷ್ಟು ಮಂದಿ ಪೊಲೀಸರ ಲೆಕ್ಕದಲ್ಲೇ ಇಲ್ಲ. ಅವರು ಎಮರ್ಜೆನ್ಸಿಯ ಸ್ವಾಗತ ಕೌಂಟರಿನವರಿಂದ ಕೆಲವೇ ಪ್ರಶ್ನೆ ಕೇಳಿಸಿದರು. ನಿಖರವಾಗಿ ಎಲ್ಲಿ, ಯಾವಾಗ, ಯಾವುದರಿಂದ. ಹೆಸರು ತೆಗೆದುಹಾಕಿದ ಪಟ್ಟಿ ಪ್ರತಿ ತಿಂಗಳೂ ಪೊಲೀಸರಿಗೂ ನಗರಾಡಳಿತಕ್ಕೂ ಹೋಗುತ್ತಿತ್ತು. 2011ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಕಾರ್ಡಿಫ್ ಅನ್ನು ಅಂಥವೇ 14 ಊರುಗಳ ಜೊತೆ ಹೋಲಿಸಿದಾಗ ಹಿಂಸೆಯಿಂದ ಆಸ್ಪತ್ರೆ ಸೇರುವವರ ಪ್ರಮಾಣ ಶೇಕಡ 42ರಷ್ಟು ಕಡಿಮೆಯಾಗಿತ್ತು. ದುಬಾರಿ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ, ಕೌಂಟರಿನಲ್ಲಿ ಕೂತವರ ಎರಡು ನಿಮಿಷ.

ಅದೇ ಶೆಪರ್ಡ್ ಅವರ ಇನ್ನೊಂದು ಪ್ರಯೋಗ ನನಗೆ ಅದಕ್ಕಿಂತಲೂ ಇಷ್ಟ. ಬಾರ್‌ಗಳಲ್ಲಿ ಮಾಮೂಲಿ ಗ್ಲಾಸಿನ ಬದಲು ಟಫನ್ಡ್ ಗ್ಲಾಸ್, ಅಂದರೆ ಗಟ್ಟಿಮಾಡಿದ ಗ್ಲಾಸ್, ಇಟ್ಟರೆ ಗಾಯ ಕಡಿಮೆಯಾಗಬೇಕು ತಾನೇ? ಯಾರನ್ನು ಕೇಳಿದರೂ ಹೌದೆನ್ನುತ್ತಾರೆ. ಅವರು ಐವತ್ತಕ್ಕೂ ಹೆಚ್ಚು ಬಾರ್‌ಗಳಲ್ಲಿ ಚೀಟಿ ಎತ್ತಿದ ಹಾಗೆ ಹಂಚಿ ನೋಡಿದರು. 2000ದಲ್ಲಿ ಫಲಿತಾಂಶ ಬಂತು: ಟಫನ್ಡ್ ಗ್ಲಾಸ್ ಕೊಟ್ಟ ಕಡೆಯೇ ಸಿಬ್ಬಂದಿಗೆ ಗಾಯ ಹೆಚ್ಚು. ಬಂದಿದ್ದ ಗ್ಲಾಸುಗಳು ಸರಿಯಾಗಿ ಗಟ್ಟಿಮಾಡಿದವಾಗಿರಲಿಲ್ಲ, ಬೇಗ ಒಡೆಯುತ್ತಿದ್ದವು. ಪ್ರಯೋಗ ಮಾಡದೆ ಜಾರಿಗೆ ತಂದಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ನಮ್ಮಲ್ಲೂ ಕೇಳೋಣ ಎಂದು ಹೊರಟೆ. ಮೊದಲ ಎಡವಟ್ಟು ನನ್ನದೇ. ಐಸಿಯುನಿಂದ ಆಗಷ್ಟೇ ಹೊರಗೆ ಬಂದ ರೋಗಿಗಳ ಹತ್ತಿರ ಒಪ್ಪಿಗೆ ಪತ್ರ ಹಿಡಿದು ನಿಂತೆ. ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯವರು ಸರಿಯಾಗಿಯೇ ಜಾಡಿಸಿದರು. ಮಾರ್ಫಿನ್ ಇಳಿಯುತ್ತಿರುವ ಮನುಷ್ಯ, ಹೊಟ್ಟೆಗೆ ಹೊಲಿಗೆ ಹಾಕಿದ ಡಾಕ್ಟರೇ ಎದುರಿಗೆ ನಿಂತು ಸಹಿ ಕೇಳಿದರೆ ಬೇಡ ಎನ್ನುತ್ತಾನೆಯೇ? ಅದು ಒಪ್ಪಿಗೆಯಾಗುತ್ತದೆಯೇ? ಕಮಿಟಿಯಲ್ಲಿದ್ದ ಒಬ್ಬ ಹಿರಿಯ ವಕೀಲರು ಇನ್ನೊಂದು ಕೇಳಿದರು. ಅವನು ಹೇಳಿದ್ದನ್ನು ನೀವು ಬರೆದಿಟ್ಟುಕೊಳ್ಳುತ್ತೀರಿ, ನಾಳೆ ಕೋರ್ಟು ಆ ಕಾಗದ ತರಿಸಿದರೆ ಏನು ಮಾಡುತ್ತೀರಿ? ನನ್ನ ಹತ್ತಿರ ಉತ್ತರವಿರಲಿಲ್ಲ. ನಾಲ್ಕು ಸಲ ತಿದ್ದಿ ಬರೆದ ಮೇಲೆ ಪ್ರಸ್ತಾವನೆ ಪಾಸಾಯಿತು. ಚಿಕಿತ್ಸೆ ಕೊಡುವವರು ಒಪ್ಪಿಗೆ ಕೇಳುವಂತಿಲ್ಲ, ಹೆಸರು ಮತ್ತು ಉತ್ತರ ಒಂದೇ ಹಾಳೆಯಲ್ಲಿ ಇರುವಂತಿಲ್ಲ, ಯಾರು ಹೊಡೆದರು ಎಂಬುದನ್ನು ಕೇಳುವಂತೆಯೇ ಇಲ್ಲ.

ಆ ಕೊನೆಯ ಷರತ್ತು ನನಗೆ ಅಡ್ಡಿಯೆನಿಸಿತ್ತು. ಅದೇ ಬಾಗಿಲು ತೆರೆಯಿತು, ತೆರೆದವರು ರಿಜಿಸ್ಟ್ರೇಷನ್ ಕೌಂಟರಿನ ಒಬ್ಬ ಹಿರಿಯ ಗುಮಾಸ್ತೆ. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುವುದು. ನಾನು ಬರೆದುಕೊಟ್ಟ ಪ್ರಶ್ನೆ ‘ಹಲ್ಲೆ ನಡೆದ ಸ್ಥಳ ಯಾವುದು?’ ಎಂದಿತ್ತು. ಎರಡು ದಿನ ಅದನ್ನೇ ಕೇಳಿ ಮೂರನೇ ದಿನ ಕಾಗದ ನನ್ನ ಮುಂದೆ ಇಟ್ಟರು.

“ಡಾಕ್ಟ್ರೇ, ಹಲ್ಲೆ ಅಂದ್ರೆ ಸಾಕು, ಬಾಯಿಗೆ ಬೀಗ ಬೀಳತ್ತೆ. ಇದು ಪೊಲೀಸ್ ಪ್ರಶ್ನೆ ಅನ್ನಿಸತ್ತೆ ಅವ್ರಿಗೆ. ನಾನು ಬೇರೆ ಥರ ಕೇಳ್ಲಾ?”

“ಹೇಗೆ ಕೇಳ್ತೀರಕ್ಕ?”

“ಆಗ ನೀವು ಎಲ್ಲಿದ್ರಿ ಅಂತ. ಅಷ್ಟೇ.”

ಕೌಂಟರಿನ ಹಿಂದೆ ನಿಂತು ಕೇಳಿಸಿಕೊಂಡೆ. ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದ ಒಬ್ಬ ಹುಡುಗ, ಹೆಸರು ಹೇಳಲೂ ಹಿಂದೆ ಮುಂದೆ ನೋಡುತ್ತಿದ್ದವನು, ಅಕ್ಕ ಕೀಬೋರ್ಡ್ ಮೇಲಿಂದ ತಲೆ ಎತ್ತದೆ ಆಗ ನೀವು ಎಲ್ಲಿದ್ರಿ ಎಂದ ಕೂಡಲೇ ರಸ್ತೆ, ತಿರುವು, ಯಾವ ಬಾಗಿಲ ಮುಂದೆ ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟ. ಯಾರ ಹೆಸರೂ ಎತ್ತಬೇಕಾಗಿರಲಿಲ್ಲವಲ್ಲ, ಯಾರ ಮೇಲೂ ದೂರು ಹೇಳಿದಂತಾಗಲಿಲ್ಲ. ಪ್ರಶ್ನೆ ಬದಲಾದ ಮೇಲೆ ಕಾಲಂ ತುಂಬತೊಡಗಿತು. ಮುಂದೆ ಅಚ್ಚಾದ ಸಂಶೋಧನಾ ಲೇಖನದಲ್ಲಿ, ವಿಧಾನವನ್ನು ವಿವರಿಸುವ ಭಾಗದಲ್ಲಿ ಇದನ್ನು ಬರೆಯಲು ಹೋದರೆ ವೈದ್ಯಕೀಯ ಪತ್ರಿಕೆಯವರು ಅನವಶ್ಯಕ ವಿವರ ಎಂದು ಹೊಡೆದು ಹಾಕಿದರು. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಉಪಯೋಗಕ್ಕೆ ಬರುವ ಸಾಲು ಅದೊಂದೇ.

ಮನೆಯೊಳಗಿನ ಹೊಡೆತಕ್ಕೆ ಮಾತ್ರ ಈ ಪ್ರಶ್ನೆ ಸಾಲದು. ‘ಮನೆಯಲ್ಲಿದ್ದೆ’ ಎಂದರೆ ಮುಗಿಯಿತು, ಮೆಟ್ಟಿಲಿಂದ ಬಿದ್ದೆ ಎಂಬುದು ಅದರ ಬೆನ್ನಿಗೇ ಬರುತ್ತದೆ. ಮೆಟ್ಟಿಲಿಂದ ಬಿದ್ದವರು ಸಾಮಾನ್ಯವಾಗಿ ಅಂಗೈ ಊರುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಮುಂಗೈಯ ಕಿರುಬೆರಳ ಕಡೆಯ ಮೂಳೆಯೊಂದೇ ನಡುವೆ ತುಂಡಾಗಿದ್ದರೆ ಮುಖದ ಮುಂದೆ ಕೈ ಅಡ್ಡ ಹಿಡಿದಿದ್ದರೇ ಎಂಬ ಅನುಮಾನ ಬರಲೇಬೇಕು. ಲಾಠಿ ಏಟಿಗೆ ಅಡ್ಡ ಹಿಡಿದ ಕೈ ಮುರಿಯುವುದರಿಂದ ನೈಟ್‌ಸ್ಟಿಕ್ ಫ್ರ್ಯಾಕ್ಚರ್ ಎಂಬ ಹೆಸರು ಅದಕ್ಕೆ. ಜೊತೆಗೆ ಬಂದವರು ಎಲ್ಲ ಪ್ರಶ್ನೆಗೂ ತಾವೇ ಉತ್ತರ ಕೊಡುತ್ತಿದ್ದರೆ ಎಕ್ಸ್‌ರೇ ಕೋಣೆಗೆ ಒಬ್ಬರನ್ನೇ ಕಳಿಸುವುದು ನಮ್ಮ ಸಿಸ್ಟರುಗಳ ಹಳೆಯ ಉಪಾಯ. ಅಲ್ಲಿ ಕೇಳಬೇಕು. ಬರೆದದ್ದು ಅವರ ಕೈಗೆ ಕೊಡುವ ಚೀಟಿಯಲ್ಲಿ ಕಾಣಬಾರದು, ಏಕೆಂದರೆ ಆ ಚೀಟಿ ಮನೆಗೆ ಹೋಗುತ್ತದೆ. ಇದನ್ನು ನನಗೆ ಯಾವ ಪಾಠಕ್ರಮವೂ ಹೇಳಿರಲಿಲ್ಲ. ಒಬ್ಬ ಹೆಂಗಸು ಚೀಟಿ ಓದಿ, ಆ ಸಾಲಿರುವ ತುಂಡನ್ನು ಅಚ್ಚುಕಟ್ಟಾಗಿ ಹರಿದು ನನ್ನ ಮೇಜಿನ ಮೇಲೇ ಬಿಟ್ಟು ಹೋದಾಗ ತಿಳಿಯಿತು.

ಒಂದು ವರ್ಷದ ಹೊತ್ತಿಗೆ ನಕ್ಷೆಯ ಮೇಲೆ ಚುಕ್ಕಿಗಳು ಬಿದ್ದವು. ಹಿಂಸೆ ಊರೆಲ್ಲ ಹರಡಿದೆ ಎಂದುಕೊಂಡಿದ್ದೆ. ಚುಕ್ಕಿಗಳು ಕೆಲವೇ ಮೂಲೆಗಳಲ್ಲಿ, ವಾರದ ಕೆಲವೇ ತಾಸುಗಳಲ್ಲಿ ಗುಡ್ಡೆ ಬಿದ್ದಿದ್ದವು. ಎಲ್ಲಕ್ಕಿಂತ ದೊಡ್ಡ ಗುಡ್ಡೆಯಿದ್ದ ಜಾಗದ ಪಟ್ಟಿಯನ್ನು ಆಡಳಿತದವರಿಗೆ ಕೊಟ್ಟೆವು. ದೀಪ ಬಂತು, ಗಸ್ತು ಬಂತು. ಮುಂದಿನ ತಿಂಗಳುಗಳಲ್ಲಿ ಸಂಖ್ಯೆ ಸರ್ರನೆ ಇಳಿಯಿತು. ನಾನು ನೆಲದ ಮೇಲಿರಲಿಲ್ಲ. ಒಂದೇ ರಾತ್ರಿಯಲ್ಲಿ ಲೇಖನ ಬರೆದು ಸಂಖ್ಯಾಶಾಸ್ತ್ರದ ಮೇಡಂಗೆ ಕಳಿಸಿದೆ.

ಅವರು ಕರೆಸಿ ಕೂರಿಸಿದರು. “ಜ್ವರ ನೆತ್ತಿಗೇರಿದ ದಿನ ಏನು ಕೊಟ್ಟರೂ ಮಾರನೇ ದಿನ ಇಳೀತದೆ. ನೀವು ಕೊಟ್ಟ ಮದ್ದಿನಿಂದಲೇ ಇಳೀತು ಅಂತ ಹೇಗೆ ಹೇಳ್ತೀರಿ?” ಎಲ್ಲಕ್ಕಿಂತ ಕೆಟ್ಟ ಜಾಗವನ್ನು ಎಲ್ಲಕ್ಕಿಂತ ಕೆಟ್ಟ ಸಮಯದಲ್ಲಿ ಆರಿಸಿಕೊಂಡರೆ ಅಲ್ಲಿಂದ ಇಳಿಯುವುದೇ ಸಹಜ. ಹೋಲಿಸಲು ಇನ್ನೊಂದು ಜಾಗ ಬೇಕಿತ್ತು, ಆರಿಸುವ ಮೊದಲೇ ಗುರುತು ಮಾಡಿಟ್ಟದ್ದು. ನನ್ನ ಹತ್ತಿರ ಇರಲಿಲ್ಲ. ಸರ್ಜನ್ನರಿಗೆ ಇದು ನುಂಗಲಾರದ ತುತ್ತು. ನಮ್ಮ ಕೆಲಸದಲ್ಲಿ ಕ್ಲಾಂಪ್ ಹಾಕಿದರೆ ರಕ್ತ ನಿಲ್ಲುತ್ತದೆ, ಕಣ್ಣೆದುರೇ ಕಾಣುತ್ತದೆ, ಹೋಲಿಕೆ ಯಾರಿಗೆ ಬೇಕು? ಆ ಲೇಖನವನ್ನು ಎಲ್ಲಿಗೂ ಕಳಿಸಲಿಲ್ಲ. ಬದಲಿಗೆ ಎರಡು ವರ್ಷ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ತರಗತಿಗೆ ಸೇರಿದೆ, ರಾತ್ರಿ ಡ್ಯೂಟಿ ಮುಗಿಸಿ ಬೆಳಗ್ಗೆ ಕ್ಲಾಸು. ಕೊನೆಯ ಬೆಂಚಿನಲ್ಲಿ ನಿದ್ದೆ ಹೊಡೆದದ್ದನ್ನು ಸಹಪಾಠಿಗಳು ಈಗಲೂ ಆಡಿಕೊಳ್ಳುತ್ತಾರೆ.

ಈ ದಾರಿ ಹಿಡಿದವರಿಗೆ ಒಳಗಿನವರ ಕುಹಕ ಕಟ್ಟಿಟ್ಟ ಬುತ್ತಿ. ಕೈ ಚುರುಕು ಕಡಿಮೆಯಾಯಿತೇ, ಅದಕ್ಕೇ ಅಂಕಿಸಂಖ್ಯೆಗೆ ಇಳಿದಿರೇ ಎಂದು ಒಬ್ಬರು. ಇದು ಪೊಲೀಸರ ಕೆಲಸ ಕಣ್ರೀ ಎಂದು ಇನ್ನೊಬ್ಬರು. ವಾರಕ್ಕೊಂದು ದಿನ ಸಂಶೋಧನೆಗೆ ಎಂದು ಕಾಗದದಲ್ಲಿದೆ, ಆ ದಿನವೇ ಯಾರಿಗೋ ರಜೆ ಬೇಕಾಗುತ್ತದೆ. ಥಿಯೇಟರಿನಿಂದ ದೂರ ಉಳಿದರೆ ಕೈ ಮರೆಯುತ್ತದೆ, ಥಿಯೇಟರಿನಲ್ಲೇ ಇದ್ದರೆ ದತ್ತಾಂಶ ಕೊಳೆಯುತ್ತದೆ. ಎರಡನ್ನೂ ತೂಗಿಸಿದ್ದೇನೆ ಎಂದು ಹೇಳುವ ಧೈರ್ಯ ನನಗಿಲ್ಲ.

ದುಡ್ಡಿನ ಮಾತು ಬೇರೆಯೇ. ಜಗತ್ತಿನ ಆರೋಗ್ಯ ಮಹಾಸಭೆ 1996ರಲ್ಲೇ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಘೋಷಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2002ರ ವರದಿ 2000ದ ಒಂದೇ ವರ್ಷದಲ್ಲಿ ಹಿಂಸೆಗೆ ಸುಮಾರು 16 ಲಕ್ಷ ಮಂದಿ ಬಲಿಯಾದರೆಂದು ಲೆಕ್ಕ ಕೊಟ್ಟಿತು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಆತ್ಮಹತ್ಯೆ, ಮೂರನೇ ಒಂದು ಪಾಲು ಕೊಲೆ, ಐದನೇ ಒಂದು ಪಾಲು ಯುದ್ಧ. ಯುದ್ಧದ ಪಾಲು ಎಲ್ಲಕ್ಕಿಂತ ಸಣ್ಣದು ಎಂದಾಗ ವಿದ್ಯಾರ್ಥಿಗಳು ಈಗಲೂ ನಂಬುವುದಿಲ್ಲ. ಅದೇ 1996ರಲ್ಲಿ ಅಮೆರಿಕದ ಸಂಸತ್ತು ಬಂದೂಕು ಗಾಯಗಳ ಸಂಶೋಧನೆಯ ಕತ್ತು ಹಿಸುಕಿತು. ಮನೆಯಲ್ಲಿ ಬಂದೂಕಿದ್ದರೆ ಅಲ್ಲಿ ಕೊಲೆಯಾಗುವ ಸಂಭವ ಸುಮಾರು 2.7 ಪಟ್ಟು ಎಂದು ಆರ್ಥರ್ ಕೆಲ್ಲರ್ಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ್ದರು. ಅದರ ಬೆನ್ನಿಗೆ ಬಂದದ್ದು ಡಿಕಿ ತಿದ್ದುಪಡಿ: ಬಂದೂಕು ನಿಯಂತ್ರಣದ ಪರ ಪ್ರಚಾರಕ್ಕೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ತನ್ನ ಹಣ ಬಳಸುವಂತಿಲ್ಲ. ಸಂಶೋಧನೆಗೆ ಖರ್ಚಾಗುತ್ತಿದ್ದ 26 ಲಕ್ಷ ಡಾಲರನ್ನೂ ಬೇರೆಡೆಗೆ ತಿರುಗಿಸಿದರು. ಎರಡು ದಶಕದ ನಂತರ, 2020ರ ಬಜೆಟ್ಟಿನಲ್ಲಿ 2.5 ಕೋಟಿ ಡಾಲರ್ ಬಂತು. ನಡುವಿನ ಕಾಲದಲ್ಲಿ ಒಂದು ತಲೆಮಾರಿನ ಸಂಶೋಧಕರು ಬೇರೆ ವಿಷಯ ನೋಡಿಕೊಂಡಿದ್ದರು.

ಇದರ ಪರಿಣಾಮ ಸಾಕ್ಷ್ಯದ ಗಾತ್ರದಲ್ಲೇ ಕಾಣುತ್ತದೆ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ರಕ್ತ ನಿಲ್ಲಿಸುವ ಅಗ್ಗದ ಮದ್ದನ್ನು 2010ರ ಪ್ರಯೋಗ 40 ದೇಶಗಳ 20,211 ಗಾಯಾಳುಗಳಲ್ಲಿ ಪರೀಕ್ಷಿಸಿತ್ತು. ಗಾಯಾಳು ಹಾಸಿಗೆಯಲ್ಲಿರುವಾಗಲೇ ಅವನ ಜೊತೆ ಕೂತು ಕೆಲಸ, ವ್ಯಸನ, ಹಗೆತನದ ದಾರಿ ಬಿಡಿಸುವ ಕಾರ್ಯಕ್ರಮವನ್ನು ಬಾಲ್ಟಿಮೋರ್‌ನ ಟ್ರಾಮಾ ಸರ್ಜನ್ ಕಾರ್ನೆಲ್ ಕೂಪರ್ ಕಟ್ಟಿದರು. 2006ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿದ್ದವರು 100 ಜನ. ಅದು ಈ ಕ್ಷೇತ್ರದ ಮೈಲಿಗಲ್ಲು. ನೂರು ಜನರನ್ನು ಹಿಂಬಾಲಿಸುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು: ಫೋನ್ ನಂಬರ್ ಬದಲಾಗುತ್ತದೆ, ಮನೆ ಬದಲಾಗುತ್ತದೆ, ಕರೆ ಮಾಡಿದರೆ ತಾಯಿ ಎತ್ತಿ ‘ಅವನಿಲ್ಲ’ ಎನ್ನುತ್ತಾರೆ. ಮನೆಯಲ್ಲಿಲ್ಲವೋ, ಬದುಕಿಲ್ಲವೋ ಎಂದು ಕೇಳಲು ನಾಲಿಗೆ ಹೊರಳುವುದಿಲ್ಲ.

ಎರಡನೇ ಸಲ ಹೋಲಿಕೆಯ ಜಾಗಗಳನ್ನು ಮೊದಲೇ ಗುರುತಿಸಿಕೊಂಡು ಅಧ್ಯಯನ ಮಾಡಿದೆವು. ಪರಿಣಾಮ ಇತ್ತು, ನಾನು ಅಂದುಕೊಂಡದ್ದಕ್ಕಿಂತ ಬಹಳ ಸಣ್ಣದು. ಮೇಡಂ ಮೊದಲ ಸಲ ನಕ್ಕರು.

ಅದು ಅಚ್ಚಾಗಿ ಕೆಲವು ತಿಂಗಳಾಗಿತ್ತು. ಹೊರರೋಗಿ ವಿಭಾಗದಲ್ಲಿ ಹೊಟ್ಟೆಯ ಉಬ್ಬು ತೋರಿಸಲು ಒಬ್ಬ ಬಂದ. ಅಂಗಿ ಎತ್ತಿದ. ಒಂದೇ ಕಡೆ ಎರಡು ಸಲ ಕೊಯ್ದ ಹೊಟ್ಟೆಯಲ್ಲಿ ಹೊಲಿಗೆ ಸಡಿಲಾಗಿ ಹರ್ನಿಯಾ ಬರುವುದು ಸಾಮಾನ್ಯ. ಕಲೆ ಹೊಕ್ಕುಳಿನ ಬಲಕ್ಕೆ ಬಾಗಿತ್ತು. ಮುಖ ಮರೆತಿತ್ತು, ಹೊಟ್ಟೆ ನೆನಪಿತ್ತು.

ಪರೀಕ್ಷೆ ಮಾಡುತ್ತ, ಅಕ್ಕನ ಹಾಗೆಯೇ ತಲೆ ಎತ್ತದೆ ಕೇಳಿದೆ. “ಆಗ ನೀವು ಎಲ್ಲಿದ್ರಿ?”

“ಯಾವಾಗ ಡಾಕ್ಟ್ರೇ? ಮೊದಲ್ನೇ ಸಲಾನಾ, ಎರಡ್ನೇ ಸಲಾನಾ?”

“ಎರಡೂ ಸಲ.”

ಜಾಗದ ಹೆಸರು ಹೇಳಿದ. ಒಂದೇ ಹೆಸರು, ಎರಡು ಸಲಕ್ಕೂ. ನಮ್ಮ ನಕ್ಷೆಯಲ್ಲಿ ಎಲ್ಲಕ್ಕಿಂತ ದೊಡ್ಡ ಗುಡ್ಡೆ ಬಿದ್ದಿದ್ದ ಜಾಗವದು. ನಾವು ಎಣಿಸಲು ಶುರುಮಾಡುವ ಮುಂಚಿನ ಎರಡು ರಾತ್ರಿಗಳು. “ನಮ್ಮಮ್ಮ ಈಗಲೂ ಅಲ್ಲೇ ಪಕ್ಕದಲ್ಲೇ ಇರೋದು, ಹೋಗದೇ ಇರೋಕಾಗಲ್ಲ” ಎಂದ. ದೀಪ ಹಾಕಿದ್ದಾರಲ್ಲ ಎಂದು ಕೇಳಿದೆ. ಹೌದು, ಈಗ ಆ ಕಡೆ ತಿರುವಲ್ಲಿ ಕೂರುತ್ತಾರೆ ಎಂದ.

ಮುಂದಿನ ಅಧ್ಯಯನಕ್ಕೆ ಸೇರುತ್ತೀರಾ ಎಂದು ನಾನು ಕೇಳುವಂತಿರಲಿಲ್ಲ. ನಿಯಮದಂತೆ ಸಹಾಯಕಿಯನ್ನು ಕಳಿಸಿದೆ. ಹತ್ತು ನಿಮಿಷದಲ್ಲಿ ಅವಳು ಸಹಿಯಿಲ್ಲದ ಹಾಳೆ ಹಿಡಿದು ಬಂದಳು. ಬೇಡವಂತೆ. ಕಾರಣ ಕೇಳುವಂತಿಲ್ಲ, ಅದೂ ನಾವೇ ಬರೆದ ನಿಯಮ. ‘ನಿರಾಕರಿಸಿದವರು’ ಎಂಬ ಸಾಲಿನಲ್ಲಿ ಒಂದು ಗೆರೆ ಎಳೆದಳು.

ಆಪರೇಷನ್ ಎರಡು ವಾರಕ್ಕೆ ಇಟ್ಟುಕೊಂಡೆವು. ಅಂಟು ಬಿಡಿಸಲು ತುಂಬಾ ಹೊತ್ತು ಹಿಡಿಯಿತು. ಮೆಶ್ ಜಾಲರಿ ಹರಡಿ, ಸುತ್ತ ಹೊಲಿದು, ಚರ್ಮ ಮುಚ್ಚಿದೆ. ಪಕ್ಕದಲ್ಲಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿ ಗೀಟು ಇಳಿದ ದಾರಿಯನ್ನೇ ದಿಟ್ಟಿಸುತ್ತಿದ್ದಳು. ಎಲ್ಲರೂ ಎಡಕ್ಕೆ ಬಳಸ್ತಾರಲ್ಲ, ನೀವ್ಯಾಕೆ ಬಲಕ್ಕೆ ಎಂದು ಕೇಳಿದಳು. ಎಡಗೈ ಎತ್ತಿ ತೋರಿಸಿದೆ.